ಪದ ಬೇಕು: ನಟ್ ‘ಬಿಚ್ಚಿ’ಯೋ ‘ಸಡಿಲಿಸಿ’ಯೋ? (ನಾಳೆ ಸಂಜೆಯೊಳಗೆ)

ದಾವಣಗೆರೆಯಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರ ಇದೆ. ನಮ್ಮ ಶಾಲೆಯ ಮೂರು ವ್ಯಾನ್‌ಗಳ ಒಳಗೆ ಅಂಟಿಸಲು ಒಂದು ಸ್ಟಿಕ್ಕರ್ ಮಾಡಿಸುತ್ತಿದ್ದೇವೆ. ಪಂಚರ್ ಆದರೆ ಡ್ರೈವರ್ ಏನೇನು ಮಾಡಬೇಕು ಅಂತ. ಪಿ.ಬಿ. ರಸ್ತೆಯ ಪ್ರಿಂಟರ್ ನಾಳೆ ಸಂಜೆಯೊಳಗೆ ಮ್ಯಾಟರ್ ಕೊಡಿ ಎಂದಿದ್ದಾರೆ.

ತೊಡಕು ಇರುವುದು ಕ್ರಿಯಾಪದದಲ್ಲಿ. ಗಾಲಿ ಇನ್ನೂ ನೆಲದ ಮೇಲಿರುವಾಗ ನಟ್‌ಗಳ ಬಿಗಿ ಬಿಡಿಸಬೇಕು, ಅಷ್ಟೇ. ಜಾಕ್ ಕೊಟ್ಟು ಗಾಲಿ ನೆಲ ಬಿಟ್ಟ ಮೇಲೆ ಅವನ್ನು ಪೂರ್ತಿ ತೆಗೆಯಬೇಕು. ಹಳೆಯ ಚೀಟಿಯಲ್ಲಿ ಎರಡು ಕಡೆಯೂ ‘ಬಿಚ್ಚಿ’ ಎಂದೇ ಇತ್ತು. ಹೋದ ತಿಂಗಳು ಆನಗೋಡಿನ ಹತ್ತಿರ ನಮ್ಮ ಹೊಸ ಡ್ರೈವರ್ ಅದನ್ನು ಓದಿಕೊಂಡು, ಜಾಕ್ ಹೊರಗೆ ತೆಗೆಯುವ ಮೊದಲೇ ಐದೂ ನಟ್ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದರು. ಪುಣ್ಯಕ್ಕೆ ವ್ಯಾನಿನಲ್ಲಿ ಮಕ್ಕಳಿರಲಿಲ್ಲ. ಕೇಳಿದರೆ, ‘ಬಿಚ್ಚಿ ಅಂತ ಬರ್ದೈತಲ್ರೀ ಸಾರ್’ ಎಂದರು. ಅವರದೇನು ತಪ್ಪು?

‘ಸಡಿಲಿಸಿ’ ಎಂದರೆ ತೀರಾ ಪುಸ್ತಕದ ಮಾತಾಗುತ್ತಾ? ಇನ್ನೆರಡು ಪದ ಕೂಡ ಬೇಕು. ಸ್ಟೆಪ್ನಿಗೆ ಕನ್ನಡದಲ್ಲಿ ಬೇರೆ ಏನಾದರೂ ಇದೆಯೇ? ಗಾಲಿ ಉರುಳದಂತೆ ಕೊಡುವ ಅಡ್ಡಕ್ಕೆ ಏನೆನ್ನಬೇಕು?

ಹೊಸದುರ್ಗದಿಂದ:

ಸ್ಟೆಪ್ನಿ ಬೇಡವೇ ಬೇಡ. ‘ಮಿಗಿಲುಗಾಲಿ’ ಎಂದು ಬರೆಯಿರಿ. ನಟ್‌ಗೆ ‘ತಿರುಪುಬಳೆ’, ಜಾಕ್‌ಗೆ ‘ಎತ್ತುಗೆ’, ಹ್ಯಾಂಡ್ ಬ್ರೇಕ್‌ಗೆ ‘ಕೈತಡೆ’. ಅಡ್ಡಕ್ಕೆ ‘ಉರುಳುತಡೆ’. ಚಕ್ರ ಅನ್ನದೆ ಗಾಲಿ ಅಂದಿದ್ದೀರಿ, ಸಂತೋಷ. ಚಕ್ರ ಸಂಸ್ಕೃತದಿಂದ ಬಂದದ್ದು, ಗಾಲಿ ನಮ್ಮದು. ತಮಿಳಿನ ‘ಕಾಲ್’ ಪದಕ್ಕೂ ಗಾಲಿ ಎಂಬ ಅರ್ಥವಿದೆ. ಎರಡೂ ಒಂದೇ ಬೇರಿನವು. ಇದರ ಬಗ್ಗೆ ಇಲ್ಲಿ ಮೊದಲೂ ಬರೆದಿದ್ದೆ, ಯಾರೂ ಓದಿದ ಹಾಗಿಲ್ಲ.

ಹರಿಹರದಿಂದ:

ತಿರುಪುಬಳೆ ಅಂತ ಓದಿದ ಡ್ರೈವರ್ ಬಳೆ ಅಂಗಡಿ ಹುಡುಕಿಕೊಂಡು ಹೋಗುತ್ತಾನೆ. ಕೈತಡೆ ಎಂದರೆ ಗಾಡಿಗೆ ಕೈ ಅಡ್ಡ ಹಿಡಿಯುತ್ತಾನೆ. ಬಿಡಿ.

ಸ್ಟೆಪ್ನಿಯನ್ನು ಇಂಗ್ಲಿಷ್ ಎಂದು ಹೊರಗೆ ಹಾಕುವವರಿಗೆ ಒಂದು ಮಾತು. ವೇಲ್ಸ್‌ನ ಲಾನೆಥ್ಲಿ ಊರಿನಲ್ಲಿ ಸ್ಟೆಪ್ನಿ ಸ್ಟ್ರೀಟ್ ಎಂಬ ಬೀದಿ ಇದೆ. 1904ರ ಸುಮಾರಿಗೆ ಡೇವಿಸ್ ಎಂಬವರು ಅಲ್ಲಿ ಈ ಗಾಲಿಯನ್ನು ರೂಪಿಸಿದರು. ಆಗಿನ ಕಾರುಗಳಲ್ಲಿ ಬದಲಿ ಗಾಲಿ ಇಟ್ಟುಕೊಳ್ಳುವ ರೂಢಿ ಇರಲಿಲ್ಲ. ತಮಾಷೆ ಏನೆಂದರೆ, ಆ ಮೊದಲ ಸ್ಟೆಪ್ನಿ ಬದಲಾಯಿಸುವ ಗಾಲಿಯೇ ಅಲ್ಲ. ಕಡ್ಡಿಗಳಿಲ್ಲದ ಬರೀ ಬಳೆ, ಅದರ ಮೇಲೆ ಗಾಳಿ ತುಂಬಿದ ಟೈರು. ಪಂಚರ್ ಆದ ಗಾಲಿಯನ್ನು ತೆಗೆಯುತ್ತಲೇ ಇರಲಿಲ್ಲ. ಅದರ ಪಕ್ಕಕ್ಕೆ ಇದನ್ನು ಕಚ್ಚಿಸಿ ಓಡಿಸುತ್ತಿದ್ದರು. ಈಗ ಇಂಗ್ಲೆಂಡಿನಲ್ಲಿ ಸ್ಟೆಪ್ನಿ ಎಂದರೆ ಲಂಡನ್ನಿನ ಒಂದು ಬಡಾವಣೆ ಅಂದುಕೊಳ್ಳುತ್ತಾರೆ. ಈ ಪದ ಉಳಿದಿರುವುದು ನಮ್ಮಲ್ಲಿ, ಬಾಂಗ್ಲಾದಲ್ಲಿ, ಮಾಲ್ಟಾದಲ್ಲಿ. ಬ್ರೆಜಿಲ್‌ನವರ ‘ಎಸ್ತೇಪಿ’ ಕೂಡ ಇದೇ. ಹೆತ್ತವರೇ ಮರೆತ ಪದವನ್ನು ನಾವು ಸಾಕಿದ್ದೇವೆ. ಅದು ನಮ್ಮದಲ್ಲದೆ ಇನ್ಯಾರದು?

ಚಳ್ಳಕೆರೆಯಿಂದ:

ನಟ್‌ಗೆ ಹೊಸ ಪದ ಯಾಕೆ ಹೊಸೆಯಬೇಕು? ‘ಕಡಾಣಿ’ ಇದೆಯಲ್ಲ. ಎತ್ತಿನ ಗಾಡಿಯ ಅಚ್ಚಿನಿಂದ ಗಾಲಿ ಕಳಚದಂತೆ ಹಿಡಿಯುವುದೇ ಅದು. ಅದನ್ನೇ ದಾಸಿಮಯ್ಯ ‘ಕಡೆಗೀಲು’ ಎಂದು ವಚನದಲ್ಲಿ ತಂದಿದ್ದಾನೆ. ಒಂಬೈನೂರು ವರ್ಷದ ಪದ.

ಹರಿಹರದಿಂದ:

ಕಡಾಣಿ ಅಚ್ಚಿನ ತೂತಿಗೆ ತೂರಿಸುವ ಕೀಲು. ಒಂದು ಗಾಲಿಗೆ ಒಂದೇ. ತಿರುಗಿಸುವ ಮಾತೇ ಇಲ್ಲ. ‘ಐದು ಕಡಾಣಿ ಸಡಿಲಿಸಿ’ ಅಂದರೆ ದಾಸಿಮಯ್ಯನೂ ಒಪ್ಪುವುದಿಲ್ಲ.

ಚಿತ್ರದುರ್ಗದಿಂದ:

ಕೇಳಿದ್ದು ಕ್ರಿಯಾಪದ, ನಡೆಯುತ್ತಿರುವುದು ನಾಮಪದದ ಜಗಳ. ನಮ್ಮ ತಂದೆಯದು ಹೈವೇ ಪಕ್ಕದಲ್ಲೇ ಗ್ಯಾರೇಜು. ಅಲ್ಲಿ ಕೇಳಿದ್ದನ್ನು ಹೇಳುತ್ತೇನೆ.

ಹುಡುಗರು ‘ಲೂಸ್ ಮಾಡು’ ಅನ್ನುತ್ತಾರೆ, ವಯಸ್ಸಾದವರು ‘ಸಡ್ಲ ಮಾಡು’. ‘ಬಿಚ್ಚು’ ಅಂದರೆ ಕೈಗೆ ಬರಬೇಕು. ಅಂಗಿ ಬಿಚ್ಚು, ಗಂಟು ಬಿಚ್ಚು. ಅರ್ಧ ಬಿಚ್ಚುವುದು ಅಂತ ಇಲ್ಲ. ಹಾಗಾಗಿ ನಿಮ್ಮ ಡ್ರೈವರ್ ಕನ್ನಡವನ್ನು ಸರಿಯಾಗಿಯೇ ಓದಿದ್ದಾರೆ. ‘ಸಡಿಲಿಸಿ’ ಬೇಡ, ಸರ್ಕಾರಿ ಸುತ್ತೋಲೆ ಥರ ಕೇಳುತ್ತೆ, ನಿರ್ಬಂಧ ಸಡಿಲಿಸುವುದು ನೆನಪಾಗುತ್ತೆ. ‘ಸಡಿಲ ಮಾಡಿ’ ಸಾಕು. ಆದರೆ ಅದೊಂದೇ ಹಾಕಿದರೂ ಎಷ್ಟು ಸಡಿಲ ಅನ್ನುವ ಪ್ರಶ್ನೆ ಉಳಿಯುತ್ತೆ. ‘ಅರ್ಧ ಸುತ್ತು ಸಡಿಲ ಮಾಡಿ, ಬಿಚ್ಚಬೇಡಿ’ ಎಂದು ಬರೆಯಿರಿ. ಗಾಲಿ ಮೇಲೆದ್ದ ಮೇಲೆ ‘ಈಗ ಬಿಚ್ಚಿ’. ಆ ‘ಈಗ’ ಬಿಡಬೇಡಿ.

ನೆಲದ ಮೇಲೇ ಯಾಕೆ ಸಡಿಲ ಮಾಡಬೇಕು ಅಂದರೆ, ಗಾಲಿ ಗಾಳಿಯಲ್ಲಿದ್ದಾಗ ಪಾನಾ (ಸ್ಪ್ಯಾನರ್) ಹಾಕಿ ಜಗ್ಗಿದರೆ ಗಾಲಿಯೂ ತಿರುಗುತ್ತೆ, ಗಾಡಿಯೂ ಅಲುಗುತ್ತೆ. ಜಾಕ್ ಜಾರುವುದು ಆಗಲೇ. ನಮ್ಮ ಕಡೆ ರಸ್ತೆ ಇಳಿದರೆ ಎರೆಮಣ್ಣು ಬೇರೆ. ಮಳೆಗಾಲದಲ್ಲಿ ಜಾಕ್ ಮೇಲೆ ಹೋಗುವ ಬದಲು ಕೆಳಗೆ ಹೋಗುತ್ತೆ. ಅದರ ಅಡಿಗೆ ಒಂದು ಹಲಗೆ ಕೊಡಬೇಕು. ಜಾಕ್ ಮೇಲಿರುವ ಗಾಡಿಯ ಕೆಳಗೆ ಕೈಕಾಲು ತೂರಿಸಬಾರದು, ಇದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ.

ವಾಪಸ್ ಹಾಕುವಾಗಲೂ ಇದೇ ಗೊಂದಲ ಇದೆ, ಯಾರೂ ಗಮನಿಸಿಲ್ಲ. ಎರಡು ಕಡೆಯೂ ‘ಬಿಗಿ ಮಾಡಿ’ ಎಂದು ಬರೆಯುತ್ತೀರಿ. ಮೊದಲು ಕೈಯಲ್ಲೇ ತಿರುಗಿಸಿ ನಟ್ ಕೂರಿಸಬೇಕು, ಅದರ ಚೂಪು ಮುಖ ಗಾಲಿಯ ಕಡೆಗೆ. ಗಾಡಿ ಇಳಿಸಿದ ಮೇಲೆ ಪಾನಾದಲ್ಲಿ ಬಿಗಿ. ಅಂದರೆ ‘ಕೂರಿಸಿ’ ಬೇರೆ, ‘ಬಿಗಿ ಮಾಡಿ’ ಬೇರೆ. ಮತ್ತೆ ಥ್ರೆಡ್‌ಗೆ ಎಣ್ಣೆ ಗ್ರೀಸು ಹಚ್ಚಬಾರದು.

ಅಡ್ಡಕ್ಕೆ ಪದ ಹುಡುಕಬೇಡಿ. ‘ಗಾಲಿಗೆ ಕಲ್ಲು ಕೊಡಿ’ ಅಂದರೆ ಎಲ್ಲರಿಗೂ ಅರ್ಥ ಆಗುತ್ತೆ. ಪಂಚರ್ ಆದ ಗಾಲಿಗೆ ಮೂಲೆಯಿಂದ ಮೂಲೆಗೆ ಬರುವ ಇನ್ನೊಂದು ಗಾಲಿಗೆ. ಕೊನೆಗೆ ‘ಕಲ್ಲು ತೆಗೆದು ರಸ್ತೆಯಾಚೆ ಹಾಕಿ’ ಅಂತಲೂ ಬರೆಯಿರಿ. ಕಲ್ಲು ಅಲ್ಲೇ ಬಿಟ್ಟು ಹೋಗುತ್ತಾರೆ, ರಾತ್ರಿ ಬೈಕಿನವನು ಅದರ ಮೇಲೆ ಹತ್ತಿಸುತ್ತಾನೆ.

ದಾವಣಗೆರೆಯಿಂದ:

ತುಂಬಾ ಉಪಕಾರ ಆಯ್ತು ಸಾರ್. ‘ಎದುರುಬದುರು ನಟ್ ಬಿಗಿ ಮಾಡಿ’ ಅಂತ ಒಂದು ಸಾಲಿದೆ. ಸರಿ ತಾನೆ?

ಚಿತ್ರದುರ್ಗದಿಂದ:

ನಾಲ್ಕು ನಟ್ ಇದ್ದರೆ ಸರಿ. ನಿಮ್ಮದು ಐದು. ಐದರಲ್ಲಿ ಎದುರು ಯಾವುದು, ಬದುರು ಯಾವುದು? ‘ಒಂದು ಬಿಟ್ಟು ಒಂದು’ ಅನ್ನಿ. ಎರಡು ಸುತ್ತು ಬರುವಷ್ಟರಲ್ಲಿ ಐದೂ ಮುಗಿಯುತ್ತವೆ, ಗಾಲಿ ಒಂದು ಕಡೆಗೆ ವಾಲದೆ ಸಮನಾಗಿ ಕೂರುತ್ತೆ. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು.

ಹೊಸದುರ್ಗದಿಂದ:

ಲೂಸ್, ಪಾನಾ, ಪಂಚರ್. ಒಂದೇ ಓಲೆಯಲ್ಲಿ ಮೂರು ಭಾಷೆ. ಪಾನಾ ಮರಾಠಿಯಿಂದ ಬಂದದ್ದು ಅನ್ನುವುದಾದರೂ ಗೊತ್ತೇ? ಹೀಗೇ ಬಿಟ್ಟರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ನಾಳೆ ಸ್ಟಿಕ್ಕರ್‌ನಲ್ಲಿ, ನಿಂತ ಗಾಡಿಯ ಹಿಂದೆ ಇಡುವುದಕ್ಕೆ ‘ಎಚ್ಚರಿಕೆ ತ್ರಿಕೋನ’ ಅಂತ ಬೇರೆ ಬರೆಯುತ್ತೀರಿ ನೋಡಿ, ‘ಮುಮ್ಮೂಲೆ’ ಇರುವಾಗ.

ಹರಿಹರದಿಂದ:

ನೀವು ಕೂತು ಬರೆಯುವ ಕುರ್ಚಿ ಅರಬ್ಬಿಯಿಂದ ಬಂತು. ಬರೆಯುವ ಕಾಗದ ಪಾರಸಿ. ಮೊದಲು ನಿಂತುಕೊಳ್ಳಿ, ಆಮೇಲೆ ಮಾತಾಡೋಣ.

ಹೊಸದುರ್ಗದಿಂದ:

ಇದು ವಾದವಲ್ಲ, ಕುಚೋದ್ಯ. ಬಂದು ಸೇರಿದ ಪದಗಳ ಬಗ್ಗೆ ನನ್ನ ತಕರಾರಿಲ್ಲ. ‘ಸಡಿಲ’ ಎಂಬ ಪದ ಬಾಯಲ್ಲೇ ಇರುವಾಗ ‘ಲೂಸ್’ ಅನ್ನುವ ಸೋಮಾರಿತನದ ಬಗ್ಗೆ ತಕರಾರು.

ಚಿತ್ರದುರ್ಗದಿಂದ:

ಇದೊಂದನ್ನು ಒಪ್ಪುತ್ತೇನೆ ಮೇಷ್ಟ್ರೇ. ‘ತಕರಾರು’ ಎಲ್ಲಿಂದ ಬಂತು ಅಂತ ಕೇಳುವುದಿಲ್ಲ.

ದಾವಣಗೆರೆಯಿಂದ:

ದಯವಿಟ್ಟು ನಿಲ್ಲಿಸಿ, ಪ್ರಿಂಟರ್ ಎರಡು ಸಲ ಫೋನ್ ಮಾಡಿದರು. ಇಷ್ಟು ಕಳಿಸುತ್ತಿದ್ದೇನೆ:

“ರಸ್ತೆಯಿಂದ ಪೂರ್ತಿ ಪಕ್ಕಕ್ಕೆ, ಗಟ್ಟಿ ಸಮನೆಲದಲ್ಲಿ ನಿಲ್ಲಿಸಿ. ನಾಲ್ಕೂ ಇಂಡಿಕೇಟರ್ ಹಾಕಿ. ಮಕ್ಕಳನ್ನು ಎಡಬದಿಯಿಂದ ಇಳಿಸಿ, ರಸ್ತೆಯಿಂದ ದೂರ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆದು ಗೇರಿನಲ್ಲಿ ಬಿಡಿ. ಹಿಂದೆ ದೂರದಲ್ಲಿ ತ್ರಿಕೋನ ಇಡಿ. ಗಾಲಿಗೆ ಕಲ್ಲು ಕೊಡಿ. ಗಾಲಿ ನೆಲದ ಮೇಲಿರುವಾಗ ನಟ್ ಅರ್ಧ ಸುತ್ತು ಸಡಿಲ ಮಾಡಿ, ಬಿಚ್ಚಬೇಡಿ. ಜಾಕ್ ಕೊಟ್ಟು ಎತ್ತಿ. ಗಾಡಿಯ ಕೆಳಗೆ ಕೈಕಾಲು ಇಡಬೇಡಿ. ಈಗ ನಟ್ ಬಿಚ್ಚಿ. ಸ್ಟೆಪ್ನಿ ಹಾಕಿ, ನಟ್ ಕೈಯಲ್ಲಿ ಕೂರಿಸಿ. ಗಾಡಿ ಇಳಿಸಿ. ಒಂದು ಬಿಟ್ಟು ಒಂದು ನಟ್ ಬಿಗಿ ಮಾಡಿ. ಕಲ್ಲು ತೆಗೆದು ರಸ್ತೆಯಾಚೆ ಹಾಕಿ.”

ಹೊಸದುರ್ಗದಿಂದ:

‘ಇಂಡಿಕೇಟರ್’ ಬದಲು ‘ಮಿಣುಕುದೀಪ’ ಹಾಕಬಹುದಿತ್ತು.

ದಾವಣಗೆರೆಯಿಂದ:

ಈಗ ಪ್ರೂಫ್ ಬಂತು. ‘ಗಾಳಿ ನೆಲದ ಮೇಲಿರುವಾಗ’ ಎಂದು ಅಚ್ಚಾಗಿದೆ, ‘ಗಾಳಿಗೆ ಕಲ್ಲು ಕೊಡಿ’ ಕೂಡ. ಹೋಗಿ ತಿದ್ದಿಸಿ ಬರುತ್ತೇನೆ.