ಅಪ್‌ಡೇಟ್: ವಸಡು ಇಳಿದಿದೆ, ಹಲ್ಲು ನೇರ ಮಾಡೋ ಕ್ಲಿಪ್ ಹಾಕಿಸಬಹುದಾ ಅಂತ ಇಲ್ಲಿ ಕೇಳಿದ್ದೆನಲ್ಲ

ಕೆಳಗಿನ ಮುಂದಿನ ಹಲ್ಲಿನ ಬೇರು ಕಾಣುತ್ತಿತ್ತು, ತಣ್ಣೀರು ಕುಡಿದರೆ ಜುಮ್ ಅನ್ನುತ್ತಿತ್ತು. ಉಪ್ಪುನೀರು, ಲವಂಗದೆಣ್ಣೆ ಎರಡೂ ಮಾಡಿ ನೋಡಿದೆ. ಇಳಿದ ವಸಡು ಅದರಿಂದ ವಾಪಸ್ ಬರೋದಿಲ್ಲವಂತೆ. "ಮೊದಲು ವಸಡಿನ ದಪ್ಪ ನೋಡಿಸಿ" ಅಂದವರ ಮಾತೇ ಸರಿಹೋಯ್ತು, ಅವರಿಗೆ ದೊಡ್ಡ ನಮಸ್ಕಾರ.

ಇಲ್ಲೇ ದಾವಣಗೆರೆಯಲ್ಲಿ ವಸಡಿನ ಡಾಕ್ಟರಿಗೆ ತೋರಿಸಿದೆ. ಗೆರೆ ಗುರುತಿರುವ ಸಣ್ಣ ಕಡ್ಡಿಯನ್ನು ವಸಡಿನೊಳಗೆ ಮೆಲ್ಲಗೆ ಇಳಿಸಿ, ಕೈಗೆ ಕನ್ನಡಿ ಕೊಟ್ಟರು. ಕಡ್ಡಿಯ ಬೂದು ಬಣ್ಣ ಹೊರಗಿನಿಂದಲೇ ಕಾಣುತ್ತಿತ್ತು, ತೆಳು ಪಂಚೆಯೊಳಗಿನ ಚಡ್ಡಿ ಥರ! ಹಾಗೆ ಕಂಡರೆ ತೆಳು ವಸಡು, ಹೆಚ್ಚೆಂದರೆ 1 ಮಿ.ಮೀ. ದಪ್ಪ. ಇಂಥದ್ದರಲ್ಲಿ ಕ್ಲಿಪ್ ಹಲ್ಲನ್ನು ಮುಂದಕ್ಕೆ ತಳ್ಳಿದರೆ ವಸಡು ಇನ್ನೂ ಇಳಿಯುವ ಅಪಾಯ ಜಾಸ್ತಿ.

ಹಾಗಾಗಿ ಮೊದಲು ಅಂಗುಳದಿಂದ ಚೂರು ಮಾಂಸ ತೆಗೆದು ವಸಡು ಇಳಿದ ಜಾಗದಲ್ಲಿ ಕೂರಿಸಿ ಹೊಲಿದರು. ನಿನ್ನೆ ಹೊಲಿಗೆ ಬಿಚ್ಚಿದರು. ನೋವು ವಸಡಿಗಿಂತ ಅಂಗುಳದಲ್ಲೇ ಜಾಸ್ತಿ. ನಾಲ್ಕು ದಿನ ಆರಿದ ಗಂಜಿ, ಬೀದಿಯಲ್ಲಿ ಬೆಣ್ಣೆ ದೋಸೆ ವಾಸನೆ. ಸಂಕಟ!

ಗೊತ್ತಿಲ್ಲದ ಇನ್ನೊಂದು: ತೆಳು ವಸಡಿನವರಿಗೆ ಲೋಹದ ಕ್ಯಾಪ್ ಹಾಕಿದರೆ ಅಂಚು ಕಪ್ಪಗೆ ಕಾಣಬಹುದು. ನಮ್ಮತ್ತೆಯ ನಗುವಿನ ರಹಸ್ಯ ಈಗ ತಿಳೀತು.

ಕ್ಲಿಪ್ಪು ಇನ್ನು ಕೆಲವು ತಿಂಗಳು ಬಿಟ್ಟು.