ಅಡಿಕೆ ಬೆಳೆಗಾರರಿಗಾಗಿ ಬರೆದರೆ ಹಣ ಎಲ್ಲಿಂದ ಬರಬೇಕು?

ತೋಟದಬರಹ:
ಅಡಿಕೆ, ಕಾಳುಮೆಣಸು ಕುರಿತು ಕನ್ನಡದಲ್ಲಿ ಬ್ಲಾಗ್ ನಡೆಸುತ್ತಿದ್ದೇನೆ. ಓದುಗರಲ್ಲಿ ಹೆಚ್ಚಿನವರು ತೀರ್ಥಹಳ್ಳಿ, ಸಾಗರ, ಶಿರಸಿ, ಪುತ್ತೂರು ಕಡೆಯವರು. ಮಳೆಗಾಲದಲ್ಲಿ ಅಡಿಕೆಕಾಯಿ ಉದುರಿಸುವ ಕೊಳೆರೋಗದ ಬರಹಗಳನ್ನು ಮುಗಿಬಿದ್ದು ಓದುತ್ತಾರೆ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚುತ್ತಾರೆ. ಆದರೆ ಪುಟಗಳಲ್ಲಿ ಜಾಹೀರಾತು ತೋರಿಸಿ ಪಾಲು ಕೊಡುವ ಗೂಗಲ್ ಆ್ಯಡ್‌ಸೆನ್ಸ್‌ನಿಂದ ಬರುವ ಹಣ ಸರ್ವರ್ ಬಾಡಿಗೆಗೂ ಸಾಲದು. ಈಗ ಶಿಲೀಂಧ್ರನಾಶಕ ಮಾರುವ ಕಂಪನಿಯೊಂದು ಪ್ರಾಯೋಜಕತ್ವ ಕೊಡುತ್ತೇನೆಂದು ಬಂದಿದೆ. ಜೊತೆಗೆ ಮದ್ದು ಹೊಡೆಯುವ ಯಂತ್ರವೊಂದನ್ನೂ ಕಳುಹಿಸುವುದಾಗಿ ಹೇಳುತ್ತಿದೆ. ಒಪ್ಪಲೇ? ಅಥವಾ ಓದುಗರಿಂದಲೇ ಚಂದಾ ಕೇಳಲೇ? ಕೇಳಿದರೆ ಕೊಡುವವರಿದ್ದಾರೆಯೇ?

ಲೆಕ್ಕಿಗ:
ಮೊದಲು ಆ್ಯಡ್‌ಸೆನ್ಸ್ ವಿಷಯ ಮುಗಿಸೋಣ. ಕನ್ನಡವೆಂದರೆ ಗೂಗಲ್‌ಗೆ ತಾತ್ಸಾರ ಎಂದು ಹಲವರು ದೂರುತ್ತಾರೆ. ಹಿಂದಿಗೆ 2014ರಲ್ಲಿ, ತಮಿಳು ಮತ್ತು ತೆಲುಗಿಗೆ 2018ರಲ್ಲಿ ಬೆಂಬಲ ಸಿಕ್ಕಿತು. ನಮ್ಮ ಸರದಿ ತಡವಾಗಿ ಬಂತು ಎಂಬುದು ನಿಜ. ಆದರೆ ಇವತ್ತಿನ ಕೊರತೆಗೆ ಕಾರಣ ಭಾಷೆಯಲ್ಲ, ಓದುಗ ಕುಳಿತಿರುವ ಊರು. ಪುಟದಲ್ಲಿನ ಪ್ರತಿ ಜಾಹೀರಾತು ಜಾಗವೂ ಹರಾಜಿಗೆ ಬೀಳುತ್ತದೆ. ನಿಮ್ಮ ರಾಶಿ ಅಡಿಕೆಗೆ ಇಬ್ಬರೇ ವ್ಯಾಪಾರಿಗಳು ಟೆಂಡರ್ ಬರೆದರೆ ದರ ಎಲ್ಲಿ ನಿಲ್ಲುತ್ತದೆ ಎಂಬುದು ನಿಮಗೇ ಗೊತ್ತು. ಇಲ್ಲಿಯೂ ಹಾಗೆಯೇ. ಸಾಗರದ ಓದುಗನಿಗೆ ನಿಜವಾಗಿ ಬೇಕಾದುದನ್ನು ಮಾರುವವರು, ಅಂದರೆ ನರ್ಸರಿಯವರು, ಹನಿ ನೀರಾವರಿ ಅಂಗಡಿಯವರು, ಸುಲಿಯುವ ಯಂತ್ರದವರು, ಈ ಹರಾಜಿನ ಹತ್ತಿರ ಸುಳಿಯುವುದು ಕಡಿಮೆ. ಅಮೆರಿಕದ ಓದುಗನಾದರೆ ವಿಮೆ, ಗೃಹಸಾಲ, ವಕೀಲರ ಸಂಸ್ಥೆಗಳು ಪೈಪೋಟಿಗೆ ಬೀಳುತ್ತವೆ. ಜಾಹೀರಾತುದಾರ ಕೊಟ್ಟ ಹಣದಲ್ಲಿ ಬರೆಯುವವರ ಪಾಲು ಸುಮಾರು ಶೇ 68. ಪಾಲು ಎಲ್ಲರಿಗೂ ಒಂದೇ, ಮೂಲ ಮೊತ್ತವೇ ಬೇರೆ.

ಲೆಕ್ಕ ಬೇಕೆಂದರೆ ಹೀಗೆ ಊಹಿಸಿಕೊಳ್ಳಿ: ಸಾವಿರ ಪುಟವೀಕ್ಷಣೆಗೆ 30 ರೂಪಾಯಿ ಬರುತ್ತದೆ, ಡಾಲರಿಗೆ 85 ರೂಪಾಯಿ. 100 ಡಾಲರ್ ತುಂಬದೆ ಗೂಗಲ್ ಹಣ ಬಿಡುಗಡೆ ಮಾಡುವುದಿಲ್ಲ. ಆ 8,500 ರೂಪಾಯಿ ಮುಟ್ಟಲು ನಿಮ್ಮ ಪುಟಗಳನ್ನು ಎರಡು ಲಕ್ಷದ ಎಂಬತ್ತು ಸಾವಿರಕ್ಕೂ ಹೆಚ್ಚು ಬಾರಿ ತೆರೆಯಬೇಕು. ಅದೂ ಓದುಗರು ವಾಟ್ಸ್ಆ್ಯಪ್‌ನಲ್ಲಿ ಪೂರ್ತಿ ಬರಹವನ್ನೇ ನಕಲು ಮಾಡಿ ಅಂಟಿಸದೆ, ಕೊಂಡಿಯನ್ನೇ ಕಳುಹಿಸಿದರೆ.

ಕಡಲಾಚೆ:
ಹಾಗಾದರೆ ಉತ್ತರ ಸುಲಭ. ಡಲ್ಲಾಸ್, ನ್ಯೂಜೆರ್ಸಿ, ದುಬೈಗಳಲ್ಲಿರುವ ನಮ್ಮಂಥವರಿಗಾಗಿ ಬರೆಯಿರಿ. ಹಬ್ಬ, ಅಡುಗೆ, ಊರಿನ ಆಸ್ತಿ ವ್ಯವಹಾರ, ವೃದ್ಧ ತಂದೆತಾಯಿಯರ ಆರೋಗ್ಯ ವಿಮೆ. ಅದೇ ಕನ್ನಡ, ಅದೇ ಶ್ರಮ, ದರ ಮಾತ್ರ ಎಷ್ಟೋ ಪಟ್ಟು. ಅಥವಾ ಕಾಳುಮೆಣಸಿನ ಬಗ್ಗೆ ಇಂಗ್ಲಿಷ್‌ನಲ್ಲಿ ಬರೆದರೆ ವಿಯೆಟ್ನಾಂ, ಬ್ರೆಜಿಲ್‌ನ ವ್ಯಾಪಾರಿಗಳೂ ಓದಿಯಾರು.

ತೋಟದಬರಹ:
ಸರ್, ಡಲ್ಲಾಸ್‌ನಲ್ಲಿ ಕೊಳೆರೋಗ ಬರುವುದಿಲ್ಲವಲ್ಲ.

ಶರಾವತಿ:
ಅವರು ಕೇಳಿದ್ದು ತಮ್ಮ ಓದುಗರಿಂದ ಬದುಕುವುದು ಹೇಗೆ ಎಂದು. ಓದುಗರನ್ನೇ ಬದಲಿಸಿ ಎಂಬುದು ಅದಕ್ಕೆ ಉತ್ತರವಾಗದು. ನಾನು ಪತ್ರಿಕೆಯೊಂದರ ಕೃಷಿ ಪುರವಣಿಯಲ್ಲಿ ಕೆಲಸ ಮಾಡಿದವಳು. ಕಂಪನಿಯ ಪ್ರಸ್ತಾಪದ ಬಗ್ಗೆ ನೇರವಾಗಿ ಹೇಳುತ್ತೇನೆ: ಶಿಲೀಂಧ್ರನಾಶಕದವರಿಂದ ಹಣ ಪಡೆಯಬೇಡಿ. ಕೊಳೆರೋಗಕ್ಕೆ ನಮ್ಮ ತೋಟಗಳ ಹಳೆಯ ಮದ್ದು ಶೇ 1ರ ಬೋರ್ಡೋ ದ್ರಾವಣ. ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. ಇದರಲ್ಲಿ ಕಂಪನಿಗೆ ಲಾಭವಿಲ್ಲ. ಮೊದಲ ತಿಂಗಳು ಅವರು ಬರೀ ಬ್ಯಾನರ್ ಹಾಕಿ ಎನ್ನುತ್ತಾರೆ. ಮುಂದಿನ ಮಳೆಗಾಲಕ್ಕೆ 'ಬೋರ್ಡೋ ಒಂದೇ ಸಾಕೇ?' ಎಂಬ ಶೀರ್ಷಿಕೆಯ ಬರಹ ಅವರ ಕಡೆಯಿಂದಲೇ ಸಿದ್ಧವಾಗಿ ಬರುತ್ತದೆ. ನನ್ನ ಮೇಜಿಗೂ ಒಮ್ಮೆ ಹಾಗೆ ಬಂದಿತ್ತು. ಹಾಕುವುದಿಲ್ಲ ಎಂದೆ, ಆ ಕಂಪನಿಯ ಜಾಹೀರಾತು ಅಲ್ಲಿಗೇ ನಿಂತಿತು.

ಕಡಲಾಚೆ:
ಇದು ಅತಿಯಾದ ಮಡಿವಂತಿಕೆ. ಪ್ರಾಯೋಜಿತ ಎಂದು ಸ್ಪಷ್ಟವಾಗಿ ಬರೆದರೆ ಓದುಗ ತಾನೇ ತೂಗಿ ನೋಡುತ್ತಾನೆ. ಬೆಳೆಗಾರರು ದಡ್ಡರಲ್ಲ.

ಶರಾವತಿ:
ದಡ್ಡರಲ್ಲ, ಆದ್ದರಿಂದಲೇ ಒಮ್ಮೆ ಅನುಮಾನ ಬಂದರೆ ತಿರುಗಿ ನೋಡುವುದಿಲ್ಲ. ಪ್ರಾಯೋಜಿತ ಎಂದು ಬರೆಯುವುದು ನಿಮ್ಮ ಔದಾರ್ಯವೂ ಅಲ್ಲ. ಜಾಲತಾಣಗಳ ಪ್ರಭಾವಿಗಳು (ಇನ್‌ಫ್ಲುಯೆನ್ಸರ್‌ಗಳು) ಹಣದ ಸಂಬಂಧವನ್ನು ಬಹಿರಂಗಪಡಿಸಬೇಕೆಂದು ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿಯೇ ಮಾರ್ಗಸೂಚಿ ತಂದಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡವಿದೆ, ಮರುಕಳಿಸಿದರೆ 50 ಲಕ್ಷದವರೆಗೆ. ಇನ್ನು ಒಂದು ಎಕರೆಯ ಫಸಲು ನೆಲಕ್ಕೆ ಉದುರಿದ ಮೇಲೆ 'ಅದು ಪ್ರಾಯೋಜಿತ ಬರಹ, ಕೆಳಗೆ ಬರೆದಿದ್ದೆ' ಎಂದು ಯಾರಿಗೆ ಹೇಳುತ್ತೀರಿ?

ಲೆಕ್ಕಿಗ:
ಶರಾವತಿ ಮೇಡಂ ಮಾತಿಗೆ ಅರ್ಧ ಒಪ್ಪಿಗೆ. ರೋಗ, ಮದ್ದು, ಗೊಬ್ಬರ, ಈ ಮೂರರ ವಿಷಯದಲ್ಲಿ ಹಣ ಮುಟ್ಟಬಾರದು. ಏಕೆಂದರೆ ಸಲಹೆ ಕೊಡುವವರು ನೀವೇ. ಆದರೆ ಅಡಿಕೆ ಕೊಯ್ಯುವ ಉದ್ದನೆಯ ಕೋಲು, ಅಂದರೆ ದೋಟಿ ಮಾರುವವರು, ತಾಡಪಾಲಿನ ಅಂಗಡಿಯವರು, ಅಡಿಕೆ ಒಣಗಿಸುವ ಡ್ರೈಯರ್ ತಯಾರಿಸುವವರು? ಇವರಿಂದ ಜಾಗದ ಬಾಡಿಗೆ ಪಡೆಯಲು ಅಡ್ಡಿಯೇನು? ಆ್ಯಡ್‌ಸೆನ್ಸ್ ಹರಾಜಿಗೆ ಬಾರದ ಇವರು ನೀವು ನೇರವಾಗಿ ಅಂಗಡಿಗೆ ಹೋಗಿ ಮಾತನಾಡಿದರೆ ಬರುತ್ತಾರೆ. ಶಿರಸಿಯ ಅಂಗಡಿಯವನಿಗೆ ಶಿರಸಿ ಸುತ್ತಲಿನ ಓದುಗನೇ ಬೇಕು. ಗೂಗಲ್‌ಗೆ ಅಗ್ಗವಾದ ಆ ಓದುಗ ಇವನಿಗೆ ದುಬಾರಿ. ಮೂರು ತಿಂಗಳಿಗೆ ಇಷ್ಟು ಎಂದು ಮಾತಾಡಿ, ಮುಂಗಡ ಪಡೆಯಿರಿ. ಕ್ಲಿಕ್ ಲೆಕ್ಕಕ್ಕೆ ಹೋಗಬೇಡಿ. ಆ ಅಂಗಡಿಗೆ ಗಿರಾಕಿ ಫೋನ್ ಮಾಡಿಯೇ ಬರುತ್ತಾನೆ, ಕ್ಲಿಕ್ ಮಾಡಿ ಅಲ್ಲ.

ಹಾಂ, ಆ ಯಂತ್ರದ ವಿಷಯ. ಕಂಪನಿಯೊಂದು ವರ್ಷದಲ್ಲಿ 20,000 ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತುವನ್ನು ವ್ಯವಹಾರದ ಸಂಬಂಧದಲ್ಲಿ ನಿಮಗೆ ಕೊಟ್ಟರೆ ಶೇ 10ರಷ್ಟು ತೆರಿಗೆ ಕಡಿತ ಮಾಡಬೇಕೆಂಬ ನಿಯಮ 2022ರ ಜುಲೈಯಲ್ಲಿ ಜಾರಿಗೆ ಬಂತು. ಪರೀಕ್ಷಿಸಿ ಮರಳಿಸಿದರೆ ಅದು ಅನ್ವಯಿಸುವುದಿಲ್ಲ. ಇಟ್ಟುಕೊಂಡರೆ ಅದು ನಿಮ್ಮ ಆದಾಯ. 'ಉಚಿತವಾಗಿ ಬಂದದ್ದು' ಎಂದು ಆದಾಯ ತೆರಿಗೆ ಇಲಾಖೆಗೆ ಹೇಳಿ ನೋಡಿ!

ನೈರೋಬಿಯಿಂದ:
ದೂರದಿಂದ ಒಂದು ಮಾತು. ಇಲ್ಲಿಯೂ ಜಾಹೀರಾತಿನ ದರ ಇದೇ ಪಾಡು. ಆದರೆ ಕೀನ್ಯಾದಲ್ಲಿ 2007ರಿಂದಲೇ ಎಂ-ಪೆಸಾ ಇದೆ, ಸಾಧಾರಣ ಫೋನಿನಿಂದಲೇ ಚಿಲ್ಲರೆ ಹಣ ಕಳುಹಿಸುವುದು ಜನರಿಗೆ ಅಭ್ಯಾಸವಾಗಿದೆ. ಐಕೌ ಎಂಬ ಸೇವೆ ಹೈನುಗಾರರಿಗೆ ಹಸುವಿನ ಗರ್ಭ, ಮೇವು, ಹಾಲಿನ ಬಗ್ಗೆ ಎಸ್‌ಎಂಎಸ್ ಸಲಹೆ ಕಳುಹಿಸುತ್ತಿತ್ತು. ಆರಂಭದಲ್ಲಿ ರೈತರು ಪ್ರತಿ ಸಂದೇಶಕ್ಕೆ ಕೆಲವು ಶಿಲಿಂಗ್ ಕೊಡುತ್ತಿದ್ದರು. ಬಡ ದೇಶದ ಓದುಗ ಕೊಡುವುದಿಲ್ಲ ಎಂಬುದು ಸುಳ್ಳು. ತನ್ನ ಹಸುವಿಗೆ, ತನ್ನ ತೋಟಕ್ಕೆ ಇವತ್ತೇ ಬೇಕಾದ ಮಾತಿಗೆ ಕೊಡುತ್ತಾನೆ. ಸಾಮಾನ್ಯ ಜ್ಞಾನಕ್ಕೆ ಕೊಡುವುದಿಲ್ಲ.

ಹಳೇ ಚಂದಾದಾರ:
ನಾನು ಬರೆಯುವವನಲ್ಲ, ತೋಟದವನು. ವಯಸ್ಸು ಎಪ್ಪತ್ತರ ಹತ್ತಿರ. ಚಂದಾ ಕೊಡುವ ಅಭ್ಯಾಸ ನಮ್ಮಲ್ಲಿ ಇಲ್ಲ ಎಂದವರಾರು? ಪುತ್ತೂರಿನ 'ಅಡಿಕೆ ಪತ್ರಿಕೆ' 1988ರಿಂದ ಬರುತ್ತಿದೆ. ಅದರಲ್ಲಿ ಕೃಷಿಕರೇ ಬರೆಯುತ್ತಾರೆ, ಕೃಷಿಕರೇ ಹಣ ಕೊಟ್ಟು ತರಿಸುತ್ತಾರೆ. ಆಗ ಅಂಚೆ ಕಚೇರಿಗೆ ಹೋಗಿ ಮನಿಯಾರ್ಡರ್ ಫಾರಂ ತುಂಬುತ್ತಿದ್ದೆವು. ಈಗ ಯುಪಿಐ ಇದೆ, ಕ್ಯೂಆರ್ ಕೋಡ್ ತೋರಿಸಿದರೆ ಮುಗಿಯಿತು.

ಆದರೆ ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗುವ ಏರ್ಪಾಡು ಬೇಡ. ಖಾತೆಯಿಂದ ಕೇಳದೆ ಹಣ ಹೋಗುತ್ತದೆ ಎಂದರೆ ನಮ್ಮ ಕಡೆಯವರು ಹೆದರುತ್ತಾರೆ, ಹೆದರಬೇಕಾದ ಕಾಲವೂ ಹೌದು. ವರ್ಷಕ್ಕೊಮ್ಮೆ ಕೇಳಿ. ಅದೂ ಜೂನ್‌ನಲ್ಲಿ ಕೇಳಬೇಡಿ. ಮಕ್ಕಳ ಶಾಲೆ, ಮದ್ದಿನ ಖರ್ಚು, ಆಳಿನ ಕೂಲಿ ಎಲ್ಲ ಒಟ್ಟಿಗೇ ಬಂದಿರುತ್ತದೆ. ಅಡಿಕೆ ಮಾರಿ ಕೈಯಲ್ಲಿ ನಾಲ್ಕು ಕಾಸು ಆಡುವಾಗ ಕೇಳಿ.

ಲೆಕ್ಕಿಗ:
ಯಜಮಾನರು ಹೇಳಿದ ಕಾಲದ ಲೆಕ್ಕ ಯಾವ ಮಾರ್ಕೆಟಿಂಗ್ ಪುಸ್ತಕದಲ್ಲಿಯೂ ಇಲ್ಲ. ಇದಕ್ಕೆ ಹಣ ಪಡೆಯುವ ದಾರಿಯನ್ನೂ ಸೇರಿಸುತ್ತೇನೆ. ಸಬ್‌ಸ್ಟ್ಯಾಕ್‌ನಂಥ ವಿದೇಶಿ ವೇದಿಕೆಗಳಲ್ಲಿ ಚಂದಾ ಪಡೆಯಲು ಹಣ ಪಾವತಿ ನಡೆಸಿಕೊಡುವ ಸ್ಟ್ರೈಪ್ ಕಂಪನಿಯ ಖಾತೆ ಬೇಕು. ಸ್ಟ್ರೈಪ್ ಭಾರತದಲ್ಲಿ ಎಲ್ಲರಿಗೂ ಸುಲಭಕ್ಕೆ ಖಾತೆ ಕೊಡುವುದಿಲ್ಲ. ಯುಪಿಐಗೆ 2020ರ ಜನವರಿಯಿಂದ ವ್ಯಾಪಾರಿ ಶುಲ್ಕವಿಲ್ಲ, ಹಾಗಾಗಿ ಬ್ಯಾಂಕಿನ ಕ್ಯೂಆರ್ ಕೋಡ್‌ಗೆ ಬಂದ 200 ರೂಪಾಯಿ 200 ಆಗಿಯೇ ಉಳಿಯುತ್ತದೆ. ನಡುವೆ ಪೇಮೆಂಟ್ ಗೇಟ್‌ವೇ ಬಂದರೆ ಅದು ತನ್ನ ಪಾಲು ಕೀಳುತ್ತದೆ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಚಿಂತೆಯೂ ಇಲ್ಲ. ಆ ಚಿಂತೆ ನಿಮಗೆ ಬೇಗ ಬರಲಿ ಎಂದು ಹಾರೈಸುತ್ತೇನೆ.

ಕಡಲಾಚೆ:
ಎಲ್ಲ ಸರಿ, ಓದುಗ ಹಣ ಕೊಟ್ಟು ಪಡೆಯುವುದಾದರೂ ಏನು? ಬರಹಕ್ಕೆ ಬೀಗ ಹಾಕಿದರೆ ಒಬ್ಬ ಓದುತ್ತಾನೆ, ಸ್ಕ್ರೀನ್‌ಶಾಟ್ ಐವತ್ತು ಗುಂಪುಗಳಿಗೆ ಹೋಗುತ್ತದೆ.

ಶರಾವತಿ:
ಈ ಪ್ರಶ್ನೆ ಚೆನ್ನಾಗಿದೆ. ಬೀಗ ಬೇಡ. ಕೊಳೆರೋಗದ ಬರಹ ಎಲ್ಲರಿಗೂ ಸಿಗಲಿ. ಪಕ್ಕದ ತೋಟದವನು ಮದ್ದು ಹೊಡೆಯದಿದ್ದರೆ ರೋಗ ನಮ್ಮ ಬೇಲಿ ದಾಟುತ್ತದೆ. ಹಣ ಕೊಟ್ಟವರಿಗೆ ಪ್ರಶ್ನೆ ಕೇಳುವ ಅವಕಾಶ ಕೊಡಿ. ಅಡಿಕೆ ಮರದ ಸೋಗೆಯ (ಗರಿಯ) ಫೋಟೊ ಕಳುಹಿಸಿದರೆ ಅದು ಎಲೆಚುಕ್ಕಿ ರೋಗವೋ ಬೇರೇನೋ ಎಂದು ನೋಡಿ ಹೇಳುವುದು, ಗೊತ್ತಾಗದಿದ್ದರೆ ವಿಜ್ಞಾನಿಗಳನ್ನು ಕೇಳಿ ಹೇಳುವುದು. ಬೇರೆಯವರ ತೋಟದ ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಯಾರು ಏನು ಮಾಡಿಯಾರು?

ಹಳೇ ಚಂದಾದಾರ:
ಫೋನ್ ಎತ್ತಿ ಉತ್ತರ ಹೇಳುವುದಾದರೆ 200 ಅಲ್ಲ, 500 ಕೊಡುತ್ತೇನೆ. ಆದರೆ ಮಳೆಗಾಲದಲ್ಲಿ ಎರಡು ದಿನದೊಳಗೆ ಉತ್ತರ ಬರಬೇಕು. ವಾರ ಕಳೆದು ಬಂದರೆ ಆ ಉತ್ತರವನ್ನು ಏನು ಮಾಡಲಿ?

ತೋಟದಬರಹ:
ಕಂಪನಿಗೆ ಆಗುವುದಿಲ್ಲವೆಂದು ಬರೆದು ಕಳುಹಿಸಿದೆ. ಯಂತ್ರವೂ ಬೇಡ ಎಂದೆ. ನಾಳೆ ಪೇಟೆಗೆ ಹೋದಾಗ ದೋಟಿ ಅಂಗಡಿಯವರನ್ನು ಮಾತನಾಡಿಸುತ್ತೇನೆ. ಚಂದಾ ಕೊಯ್ಲು ಮುಗಿದ ಮೇಲೆ, ವರ್ಷಕ್ಕೆ 300 ರೂಪಾಯಿ ಎಂದು ಅಂದುಕೊಂಡಿದ್ದೇನೆ. ಎರಡು ದಿನದ ಮಾತಿಗೆ ಮಾತ್ರ ಭಯವಿದೆ. ಮಳೆಗಾಲದಲ್ಲಿ ನನ್ನ ತೋಟಕ್ಕೂ ಮದ್ದು ಹೊಡೆಯಬೇಕಲ್ಲ ಯಜಮಾನರೇ, ಮರ ಹತ್ತುವ ಕೊನೆಗಾರ ಸಿಗುವ ದಿನವೇ ಫೋನೂ ಬರುತ್ತದೆ. ಮೊದಲ ವರ್ಷ ನೂರು ಜನರಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ.

ಹಳೇ ಚಂದಾದಾರ:
ಹಾಗಿದ್ದರೆ ನೂರರಲ್ಲಿ ನನ್ನ ಹೆಸರು ಈಗಲೇ ಬರೆದುಕೊಳ್ಳಿ. ಹಣ ಮಾತ್ರ ಅಡಿಕೆ ಮಾರಿದ ಮೇಲೆ.