ಅಪ್‌ಡೇಟ್: ರೂಟ್ ಕೆನಾಲ್, ಮೊದಲ ಸಿಟಿಂಗ್ ಮುಗೀತು
ಕೆಳಗಿನ ದವಡೆ ಹಲ್ಲಿನ ರೂಟ್ ಕೆನಾಲ್‌ಗೆ ಎಷ್ಟು ನೋವು, ಎಷ್ಟು ಸಲ ಹೋಗಬೇಕು ಅಂತ ಕೇಳಿದ್ದೆ. ರಾಯಚೂರಿನಲ್ಲಿ ಮೊದಲ ಸಿಟಿಂಗ್ ಆಯ್ತು, ಎರಡನೆಯದು ವಾರ ಬಿಟ್ಟು.

ನರ ಉರಿಯೂತದಲ್ಲಿದ್ದರೆ ಕೆಳದವಡೆ ಒಂದೇ ಇಂಜೆಕ್ಷನ್‌ಗೆ ಪೂರ್ತಿ ಮರಗಟ್ಟದೇ ಇರಬಹುದು. ತುಟಿ ಜೋಮು ಹಿಡಿದಿದ್ದರೂ ಹಲ್ಲು ಚುಳ್ ಎಂದರೆ ಕೈ ಎತ್ತಿ, ಪಕ್ಕದಲ್ಲಿ ಇನ್ನೊಂದು ಹಾಕುತ್ತಾರೆ. ದಯವಿಟ್ಟು ತಡ್ಕೊಂಡು ಕೂರಬೇಡಿ. ಕೆಳಗಿನ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ 3 ಕಾಲುವೆ (ಬೇರಿನೊಳಗೆ ನರ ಇರುವ ಸಣ್ಣ ದಾರಿ), ಕೆಲವರಿಗೆ 4. ಒಂದು ತಪ್ಪಿಹೋದರೂ ಸೋಂಕು ಮರಳಬಹುದು, ಎಷ್ಟು ಸಿಕ್ಕವು ಅಂತ ಕೇಳಿಕೊಳ್ಳಿ.

ನನಗೆ ಕಾಲುವೆಗಳನ್ನು ಫೈಲ್‌ನಿಂದ (ಸೂಜಿಯಂಥ ತೆಳು ಅರ) ಕೆರೆದು, ಸೋಂಕು ಕೊಲ್ಲುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ತೊಳೆದು, ಒಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧಿ ಇಟ್ಟು ತಾತ್ಕಾಲಿಕ ಸಿಮೆಂಟ್ ಮುಚ್ಚಿದ್ದಾರೆ. 2–3 ದಿನ ಕಚ್ಚಿದಾಗ ನೋವು ಸಹಜ. ಮುಖ ಊದಿ ಜ್ವರ ಬಂದರೆ ಕಾಯಬೇಡಿ. ಮುಂದೆ ಕಾಲುವೆಗೆ ಗಟ್ಟಾಪರ್ಚಾ (ರಬ್ಬರಿನಂಥ ವಸ್ತು) ತುಂಬುತ್ತಾರೆ, ಆಮೇಲೆ ಹಲ್ಲಿನ ಮೇಲೆ ಕ್ಯಾಪ್. ಅಲ್ಲಿಯವರೆಗೆ ಖಡಕ್ ರೊಟ್ಟಿ ಆ ಕಡೆ ಬೇಡವೇ ಬೇಡ, ಹಲ್ಲು ಬೇರಿನವರೆಗೆ ಸೀಳಿದರೆ ಕೀಳಿಸಬೇಕಾದೀತು.